ಸೋದರಮಾವನ ಸೊಂಟ

ಅಡಿಕೆ ಬಿದ್ದದ್ದು ಬೆಳಗಿನ ಕಾಫಿಯ ಹೊತ್ತಿಗೆ. ಅದೂ ಇಡೀ ಅಡಿಕೆಯಲ್ಲ, ಒಂದು ಹೋಳು. ತಾಂಬೂಲದ ತಟ್ಟೆಯಿಂದ ಜಾರಿ, ಛತ್ರದ ನುಣ್ಣನೆಯ ನೆಲದ ಮೇಲೆ ಉರುಳಿ ಉರುಳಿ, ಚಲಪತಿಯ ಕಾಲ ಬಳಿ ಬಂದು, ಉಳಿಯಲೆಂದೇ ಬಂದ ನೆಂಟನಂತೆ ಕುಳಿತುಬಿಟ್ಟಿತು. ಮದುವೆ ಮನೆಯಲ್ಲಿ ಅಡಿಕೆ ಯಾರ ಕಾಲಿಗೂ ಸಿಗಬಾರದೆಂದು ಚಲಪತಿ ಬಗ್ಗಿದ. ಹೋಳು ಕೈಗೆ ಬಂತು. ಸೊಂಟ ಬರಲಿಲ್ಲ.

ಒಳಗೆಲ್ಲೋ ‘ಕಳಕ್’ ಎಂದಿತು. ಯಾರೋ ಒಳಗಿನಿಂದ ಚಿಲಕ ಹಾಕಿಕೊಂಡು ಇನ್ನು ಬಾಗಿಲು ತೆಗೆಯುವುದಿಲ್ಲ ಎಂದ ಹಾಗೆ.

ಬೇರೆ ದಿನವಾಗಿದ್ದರೆ ‘ಅಯ್ಯೋ’ ಎಂದು ಕಿರುಚಿ ಮಲಗಿಬಿಡಬಹುದಿತ್ತು. ಆದರೆ ಅಂದು ಅಕ್ಕ ರುಕ್ಮಿಣಮ್ಮನ ಕಿರಿಯ ಮಗಳು ಚಂದನಳ ಮದುವೆ. ಮದುಮಗಳನ್ನು ಕೋಣೆಯಿಂದ ಎತ್ತಿಕೊಂಡು ಬಂದು ಹಸೆಮಣೆಯ ಮೇಲೆ ಕೂರಿಸುವವನು ಸೋದರಮಾವ. ಅದು ಅವರ ಕಡೆಯ ಪದ್ಧತಿ. ಅಕ್ಕತಂಗಿಯರ ಹೆಣ್ಣುಮಕ್ಕಳನ್ನೆಲ್ಲ ಹಾಗೆ ಎತ್ತಿ ತಂದವನು ಚಲಪತಿಯೇ. ಚಂದನಳ ಅಕ್ಕ ರೂಪಳನ್ನು ಅವನು ಎತ್ತಿಕೊಂಡು ಬಂದ ದಿನ, ಲಂಗ ಉಟ್ಟು ಓಡಾಡುತ್ತಿದ್ದ ಈ ಪುಟ್ಟ ಚಂದನ ಅವನ ಪಂಚೆ ಹಿಡಿದು ಜಗ್ಗಿದ್ದಳು. “ಮಾವ, ನನ್ನೂ ನೀನೇ ಎತ್ಕೋಬೇಕು. ಬೇರೆ ಯಾರೂ ಬ್ಯಾಡ.”

“ನೀನು ಆನೆಮರಿ ಆದ್ರೂ ಎತ್ಕೊತೀನಿ ಕಣವ್ವ,” ಎಂದಿದ್ದ ಚಲಪತಿ. ಆಗ ಅವನ ಸೊಂಟ ಹೇಳಿದ ಮಾತು ಕೇಳುತ್ತಿತ್ತು.

ಈಗ ಚಂದನ ಹೊಸಕೋಟೆಯ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸು. ವಿಜಯಪುರದ ರೇಷ್ಮೆ ಹುರಿ ಕಾರ್ಖಾನೆಯಲ್ಲಿ ಮೇಸ್ತ್ರಿಯಾದ ಚಲಪತಿಗೆ ಐವತ್ತೆಂಟು. “ಕೈ ಹಿಡ್ಕೊಂಡು ನಡೆಸ್ಕೊಂಡು ಬನ್ನಿ, ಸಾಕು. ಕಾಲ ಬದಲಾಗದೆ,” ಎಂದು ಹೆಂಡತಿ ಶಶಿರೇಖಾ ತಿಂಗಳಿಂದ ಹೇಳುತ್ತಿದ್ದಳು. ಕಾಲ ಬದಲಾಗಿರಬಹುದು, ತಾನು ಬದಲಾಗಿಲ್ಲವೆಂದು ತೋರಿಸಲು ಅವನು ಹಿತ್ತಲಲ್ಲಿ ರಾಗಿ ಮೂಟೆ ಎತ್ತಿ ಅಭ್ಯಾಸ ಮಾಡಿದ್ದ. ಮೂಟೆಗೆ ಬಗ್ಗದ ಸೊಂಟ ಅಡಿಕೆ ಹೋಳಿಗೆ ಶರಣಾಗಿತ್ತು.

“ಏನ್ಲಾ ಚಲಪತಿ, ಏನ್ ಬಿತ್ತು?” ಮುನಿಸ್ವಾಮಿ ಬಂದ. ಪಕ್ಕದ ಮನೆಯವನು, ಶಾಲೆಯಿಂದ ಜೊತೆಗಾರ. ಯಾರ ಕಷ್ಟಕ್ಕಾದರೂ ಕರೆಯದೆ ಬರುವವನು.

“ಉಂಗುರ ಕಣ್ಲಾ,” ಎಂದ ಚಲಪತಿ ನೆಲ ನೋಡುತ್ತಲೇ. ಬಾಯಿಗೆ ಬಂದದ್ದು ಅದೇ.

“ಚಿನ್ನದ್ದಾ?” ಮುನಿಸ್ವಾಮಿ ತಟ್ಟನೆ ಮಂಡಿಯೂರಿದ. ದೊಡ್ಡಮ್ಮ ಆದಿಲಕ್ಷ್ಮಮ್ಮ ದೂರದಿಂದಲೇ “ಯಾರ ಉಂಗುರನೋ?” ಎಂದು ಕೂಗಿದರು. “ಮದುಮಗಂದಂತೆ!” ಎಂದು ಯಾರೋ ಉತ್ತರಿಸಿದರು. ನೋಡನೋಡುತ್ತಿದ್ದಂತೆ ಛತ್ರದಲ್ಲಿ ನಡೆಯುವವರಿಗಿಂತ ತೆವಳುವವರೇ ಹೆಚ್ಚಾದರು. ಚಲಪತಿಗೆ ಕೊಂಚ ಹಾಯೆನಿಸಿತು. ಇಷ್ಟೊಂದು ಬಾಗಿದ ಬೆನ್ನುಗಳ ನಡುವೆ ಒಂದು ಬೆನ್ನನ್ನು ಯಾರು ಗಮನಿಸುತ್ತಾರೆ?

ಅಷ್ಟರಲ್ಲಿ ಮದುಮಗನೇ ಅತ್ತ ಹಾದುಹೋದ, ಬೆರಳಲ್ಲಿ ಉಂಗುರ ಫಳಫಳ ಹೊಳೆಯುತ್ತಿತ್ತು. ಎಲ್ಲರೂ ಗೊಣಗುತ್ತ ಎದ್ದರು. ಚಲಪತಿ ಒಬ್ಬನೇ ಏಳಲಿಲ್ಲ.

ಮುನಿಸ್ವಾಮಿ ಹತ್ತಿರ ಬಂದು, ಅವನ ಸಮಕ್ಕೆ ಬಗ್ಗಿ, ಕೆಳಗಿನಿಂದ ಅವನ ಮುಖ ನೋಡಿದ. “ಹಿಡ್ಕೊಂಡ್ತಾ?”

“ಹೂಂ.”

“ಗಟ್ಟಿಯಾಗಾ?”

“ಮೆಲ್ಲಗೆ ಮಾತಾಡ್ಲಾ. ಅಲ್ಲಿ ನವೀನ ಅವ್ನೆ.”

ನವೀನ್‌ಕುಮಾರ್ ಚಲಪತಿಯ ಚಿಕ್ಕಪ್ಪನ ಮಗ. ಲೆಕ್ಕದಲ್ಲಿ ಅವನೂ ಚಂದನಳಿಗೆ ಸೋದರಮಾವನೇ. ದೇವನಹಳ್ಳಿಯಲ್ಲಿ ಜಿಮ್ ಇಟ್ಟಿದ್ದ ಹುಡುಗ. ಅವನ ತೋಳುಗಳು ಅಂಗಿಯ ಒಳಗೆ ಇರಲಾರದೆ ಒದ್ದಾಡುತ್ತಿದ್ದವು. ಹಿಂದಿನ ದಿನದಿಂದಲೂ “ಅಣ್ಣಾ, ಆಗ್ದಿದ್ರೆ ಹೇಳಿ ಅಣ್ಣಾ, ನಾನಿದೀನಿ,” ಎಂದು ಹಾದುಹೋದಾಗಲೆಲ್ಲ ಹೇಳುತ್ತಿದ್ದ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿದ್ದ. ಚಲಪತಿಗೆ ಅದೇ ಉರಿ.

“ಇದಕ್ಕೆ ಒಂದೇ ಮದ್ದು,” ಎಂದ ಮುನಿಸ್ವಾಮಿ. “ಕಾಲು ಮುಂದಾಗಿ ಹುಟ್ಟಿದೋರು ಸೊಂಟಕ್ಕೆ ಒಂದು ಒದೆ ಕೊಡ್ಬೇಕು. ಉಳುಕು ಹೇಳ್ದೆ ಕೇಳ್ದೆ ಓಡೋಗ್ತದೆ.”

ಚಲಪತಿಯನ್ನು ಹಿಂದಿನ ಉಗ್ರಾಣದಲ್ಲಿ ತೆಂಗಿನಕಾಯಿ ಮೂಟೆಗೆ ಒರಗಿಸಿ, ಮುನಿಸ್ವಾಮಿ ಹುಡುಕಲು ಹೊರಟ. ತಿಂಡಿ ತಿನ್ನುತ್ತಿದ್ದವರ ಎಲೆಯ ಮುಂದೆ ನಿಂತು, “ತಾವು ಹುಟ್ಟಿದ್ದು ಹೆಂಗೆ?” ಎಂದು ಗುಟ್ಟಾಗಿ ಕೇಳುತ್ತ ಹೋದ. ಕೆಲವರು ಸಿಟ್ಟಾದರು. ಒಬ್ಬರು ಕೇಸರಿಬಾತ್ ಬಿಟ್ಟು ತಮ್ಮ ಜಾತಕವನ್ನೇ ಹೇಳತೊಡಗಿದರು. ಕೊನೆಗೆ ಸಿಕ್ಕವರು ಯಾರೆಂದರೆ, ಕುಂದಾಣದ ಅಪ್ಪಯ್ಯಣ್ಣ. ಮದುಮಗನ ತಂದೆ!

“ಬೀಗರ ಕೈಲಿ ಒದೆಸ್ಕೊಳ್ಳೋದಾ?” ಚಲಪತಿ ಬೆವರಿದ.

“ಕೈಲಲ್ಲ, ಕಾಲಲ್ಲಿ,” ಎಂದ ಮುನಿಸ್ವಾಮಿ.

ಅಪ್ಪಯ್ಯಣ್ಣ ಇರುವೆಯನ್ನೂ ದಾಟಿ ನಡೆಯುವ ಮನುಷ್ಯ. ಚಪ್ಪಲಿ ಬಿಟ್ಟು, ಕಾಲು ತೊಳೆದು, ಚಲಪತಿಯ ಬೆನ್ನಿಗೆ ಕೈಮುಗಿದು, “ತಪ್ಪು ತಿಳ್ಕೋಬ್ಯಾಡಿ ಬೀಗ್ರೇ,” ಎಂದು ಕಾಲಿನಿಂದ ಮೆಲ್ಲಗೆ ಮುಟ್ಟಿದರು.

“ಇದೇನ್ ಸ್ವಾಮಿ, ಹಸುಗೂಸನ್ನ ತಟ್ಟಿ ಮಲಗಿಸ್ದಂಗೆ! ಒದೀರಿ ಅಂದ್ರೆ ಒದೀಬೇಕು,” ಎಂದ ಮುನಿಸ್ವಾಮಿ.

ಅಪ್ಪಯ್ಯಣ್ಣ ಕಣ್ಣು ಮುಚ್ಚಿ, ದೇವರನ್ನು ನೆನೆದು, ನಿಜವಾಗಿ ಒದ್ದರು. ತೆಂಗಿನಕಾಯಿಗೆಂದು ರುಕ್ಮಿಣಮ್ಮ ಬಾಗಿಲು ತೆಗೆದದ್ದೂ ಆಗಲೇ. ಕೈಯ ತಟ್ಟೆ ಠಣ್ಣೆಂದು ಬಿತ್ತು.

“ಅಯ್ಯಯ್ಯೋ! ನನ್ ತಮ್ಮನ್ನ ಒದೀತಾವ್ರಲ್ಲಪ್ಪೋ!”

ಮಾತು ಅಡುಗೆಮನೆ ತಲುಪುವಷ್ಟರಲ್ಲಿ, ಕೇಸರಿಬಾತ್‌ಗೆ ದ್ರಾಕ್ಷಿ ಕಮ್ಮಿಯಾಯಿತೆಂದು ಗಂಡಿನ ಕಡೆಯವರು ಒದ್ದರು ಎಂದಾಯಿತು. ಗೇಟು ತಲುಪಿದಾಗ ಗಂಡಿನ ಕಡೆಯವರು ಬಸ್ಸು ಹತ್ತುತ್ತಿದ್ದರು. ವಾಲಗದವರು ಯಾವುದಕ್ಕೂ ಇರಲೆಂದು ಊದುವುದನ್ನು ನಿಲ್ಲಿಸಿದರು. ನವೀನ್‌ಕುಮಾರ್ ಅಂಗಿಯ ತೋಳು ಮಡಚಲು ನೋಡಿದ. ಅಲ್ಲಿ ಮಡಚಲು ಬಟ್ಟೆಯೇ ಇರಲಿಲ್ಲ. ಪಾಪ, ಅಪ್ಪಯ್ಯಣ್ಣ ಬರಿಗಾಲಲ್ಲಿ ನಿಂತು ಎಲ್ಲರಿಗೂ ಕೈಮುಗಿಯುತ್ತಿದ್ದರು. ಕೈಮುಗಿದಷ್ಟೂ ತಪ್ಪು ಅವರದೇ ಎಂದು ಜನ ನಂಬುತ್ತಿದ್ದರು.

ಚಲಪತಿ ಅದನ್ನು ನೋಡಿದ. ಮುನಿಸ್ವಾಮಿಯ ಹೆಗಲು ಹಿಡಿದು, ಅರ್ಧ ಮಡಿಸಿದ ಕೊಡೆಯ ಹಾಗೆ ಹಜಾರದ ನಡುವೆ ಬಂದು ನಿಂತ.

“ಜಗಳ ಯಾವ್ದೂ ಇಲ್ಲ! ನನ್ ಸೊಂಟ ಹಿಡ್ಕೊಂಡದೆ. ಬೀಗ್ರು ಉಳುಕು ತೆಗೀತಿದ್ರು, ಅಷ್ಟೇ. ನಂಗೆ... ನಂಗೆ ವಯಸ್ಸಾಗದೆ!”

ಛತ್ರದ ತುಂಬ ನಗು. ಬಸ್ಸು ಹತ್ತಿದವರು ಇಳಿದರು, ವಾಲಗ ಮತ್ತೆ ಶುರುವಾಯಿತು. “ಹಂಗಾದ್ರೆ ನವೀನನೇ ಎತ್ಕೊಳ್ಳಲಿ ಬಿಡಿ,” ಎಂದು ಆದಿಲಕ್ಷ್ಮಮ್ಮ ತೀರ್ಪು ಕೊಟ್ಟರು. ಯಾರೂ ಬೇಡವೆನ್ನಲಿಲ್ಲ.

ಚಲಪತಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕುಳಿತ. ಮುಪ್ಪೆಂದರೆ ಕತೆಯ ಅಜ್ಜಿಯಂತೆ ಕೋಲೂರಿಕೊಂಡು, ಕೆಮ್ಮಿಕೊಂಡು, ದೂರದ ದಾರಿಯಲ್ಲೇ ಕಾಣುವಂತೆ ಬರುತ್ತದೆ. ಬಂದಾಗ ನೋಡಿಕೊಂಡರಾಯಿತು ಎಂದು ಅವನು ಎಣಿಸಿದ್ದ. ಅದು ಯಾವತ್ತೋ ಒಳಗೆ ಬಂದು, ಮೂಲೆಯಲ್ಲಿ ಚಾಪೆ ಹಾಸಿಕೊಂಡು, ಮನೆಯವರಲ್ಲಿ ಒಬ್ಬರಾಗಿಹೋಗಿತ್ತು. ಮೆಟ್ಟಿಲ ನಡುವೆ ನಿಂತು ಫೋನು ತೆಗೆಯುತ್ತಿದ್ದುದು ಫೋನು ನೋಡುವುದಕ್ಕಲ್ಲ. ಕುಳಿತು ಏಳುವಾಗ ‘ಶಿವನೇ’ ಎನ್ನುತ್ತಿದ್ದುದು ಭಕ್ತಿಯಿಂದಲ್ಲ. ತನಗೆ ಗೊತ್ತಿತ್ತು, ಗೊತ್ತಿದೆಯೆಂದು ಗೊತ್ತಿರಲಿಲ್ಲ. ವಿಚಿತ್ರವೆಂದರೆ, ಒಳಗಿರುವವನಿಗೆ ಇನ್ನೂ ಮೂವತ್ತೇ. ಆ ಮೂವತ್ತರವನು ಈ ಮುದಿ ಸೊಂಟದೊಳಗೆ ಬಾಡಿಗೆಗಿದ್ದಾನೆ ಅನ್ನಿಸಿ, ಅವನ ಕಣ್ಣು ಮಂಜಾಯಿತು.

“ಮಾವ, ಚಂದನ ಕರೀತಾವ್ಳೆ,” ಎಂದು ರೂಪ ಬಂದು ಎಬ್ಬಿಸಿದಳು.

ಕೋಣೆಯಲ್ಲಿ ಚಂದನ ಬಾಸಿಂಗ ಕಟ್ಟಿಕೊಂಡು, ಕತೆಯ ರಾಜಕುಮಾರಿಯಂತೆ ನಿಂತಿದ್ದಳು; ಕಣ್ಣಲ್ಲಿ ಮಾತ್ರ ಲಂಗದ ಹುಡುಗಿಯ ಹಟ.

“ನವೀನ ಎತ್ಕೊತಾನೆ ಕಣವ್ವ. ಗಟ್ಟಿಮುಟ್ಟಾಗವ್ನೆ,” ಎಂದ ಚಲಪತಿ ನೆಲ ನೋಡುತ್ತ.

“ನೀನು ಎತ್ಕೊಂಡ್ರೆ ಮದ್ವೆ. ಇಲ್ದಿದ್ರೆ ಇಲ್ಲೇ ಕೂತಿರ್ತೀನಿ.”

“ಬೀಳಿಸ್ಬಿಟ್ರೆ?”

“ಬೀಳಿಸು. ನಿನ್ ಕೈಯಿಂದ ತಾನೆ.” ಅವಳು ಅವನ ಎಡಗಡೆಗೆ ಬಂದು ನಿಂತಳು. “ಬಗ್ಬೇಡ. ಆದಷ್ಟು ನೆಟ್ಟಗೆ ನಿಂತು ನನ್ನ ತಬ್ಬಿ ಹಿಡ್ಕೋ. ಕಣ್ಮುಚ್ಕೊಂಡು ಮನೆದೇವ್ರನ್ನ ನೆನಸ್ಕೋ. ನಾನು ಹೇಳೋಗಂಟ ಬಿಡ್ಬೇಡ.”

ಗಟ್ಟಿಮೇಳ ಮೊಳಗಿತು. ಕಳಸ ಹಿಡಿದ ಹೆಂಗಸರು ಸುತ್ತ ನೆರೆದರು. ಚಂದನಳ ಒಂದು ತೋಳು ಅವನ ಬೆನ್ನ ಹಿಂದೆ ಬಳಸಿತು. ಚಲಪತಿ ಹಲ್ಲು ಕಚ್ಚಿ, ಕಣ್ಣು ಮುಚ್ಚಿ, ಮನೆದೇವರ ಹೆಸರು ಹೇಳಿ ಎತ್ತಿದ.

ಹೂವು! ಹತ್ತಿಯ ಮೂಟೆಗೂ ಒಂದು ತೂಕವಿರುತ್ತದೆ. ಇವಳಿಗೆ ಅದೂ ಇರಲಿಲ್ಲ. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ಸೊಂಟ ಎಲ್ಲಿದೆಯೆಂದೇ ತಿಳಿಯಲಿಲ್ಲ. ಮೋಡದ ಮೇಲೆ ನಡೆದ ಹಾಗೆ, ರೆಕ್ಕೆಯ ಕುದುರೆ ಏರಿದ ಹಾಗೆ, ತನ್ನ ಭಾರವೇ ತನಗಿಲ್ಲದ ಹಾಗೆ ಚಲಪತಿ ತೇಲಿಹೋದ. ಚಪ್ಪಾಳೆ, ಸಿಳ್ಳೆ. “ಬಿಡು ಮಾವ, ಹಸೆಮಣೆ ಬಂತು,” ಎಂದು ಕಿವಿಯಲ್ಲಿ ದನಿ ಕೇಳಿದಾಗ, ಇಷ್ಟು ಬೇಗ ಯಾಕೆ ಬಂತೆಂದು ಬೇಸರವೇ ಆಯಿತು.

ಧಾರೆ ಮುಗಿಯುವವರೆಗೂ ಚಲಪತಿ ಎದೆ ಸೆಟೆಸಿ ಕುಳಿತಿದ್ದ. ನವೀನ್‌ಕುಮಾರ್ ಬಂದು, “ಅಣ್ಣಾ, ಏನ್ ತಿಂತೀರಾ ಹೇಳಿ ಅಣ್ಣಾ,” ಎಂದು ಕೇಳಿದ. “ರಾಗಿಮುದ್ದೆ,” ಎಂದ ಚಲಪತಿ ಗಂಭೀರವಾಗಿ. ಆ ಕಡೆ ಅಪ್ಪಯ್ಯಣ್ಣನ ಕಾಲಿನ ಮಹಿಮೆ ಹಬ್ಬಿ, ಸೊಂಟ ಹಿಡಿದವರೆಲ್ಲ ಅವರ ಮುಂದೆ ಸಾಲುಗಟ್ಟಿದ್ದರು. ಸಾಲನ್ನು ಮುನಿಸ್ವಾಮಿ ನೋಡಿಕೊಳ್ಳುತ್ತಿದ್ದ.

ಹೆಣ್ಣನ್ನು ಒಪ್ಪಿಸಿಕೊಡುವ ಹೊತ್ತಾಯಿತು. ಅತ್ತದ್ದೆಲ್ಲ ಮುಗಿದು ಚಂದನ ಕಾರು ಹತ್ತಿದಾಗ, ಚಲಪತಿ ಕಿಟಕಿಗೆ ಮುಖ ತಂದು, “ಏನವ್ವ, ಊಟಗೀಟ ಮಾಡ್ತೀಯೋ ಇಲ್ವೋ? ಗಾಳಿ ಎತ್ತಿದಂಗಿತ್ತು,” ಎಂದ.

ಚಂದನ ಕೈಸನ್ನೆ ಮಾಡಿ ಅವನ ಕಿವಿ ಹತ್ತಿರಕ್ಕೆ ಕರೆದಳು.

“ಮಾವ, ಬೈಬೇಡ. ನೀನು ನನ್ನ ಎತ್ತಲೇ ಇಲ್ಲ.”

“ಮತ್ತೆ?”

“ಸೀರೆ ನೆಲ ಗುಡಿಸೋಹಂಗೆ ಇಳಿಬಿಟ್ಟು ಉಟ್ಕೊಂಡಿದ್ದೆ. ನಾನೇ ನಡೆದೆ. ನಿನ್ ಪಂಚೆ ಸೊಂಟದ ಹತ್ರ ಹಿಡ್ಕೊಂಡು ನಿನ್ನೂ ಎತ್ಕೊಂಡೇ ಬಂದೆ. ಆಪರೇಷನ್ ಆದೋರನ್ನ ನಾವು ದಿನಾ ಹಂಗೇ ನಡೆಸೋದು. ಅವ್ರೂ ತಾವೇ ನಡೀತಿದೀವಿ ಅನ್ಕೊಂಡಿರ್ತಾರೆ.”

ಚಲಪತಿಗೆ ನಗು ಬಂತು. ನಗುವಿನ ಬೆನ್ನಿಗೇ ಹಳೆಯದೊಂದು ನೆನಪೂ ಬಂತು. ಇವಳಿಗೆ ಹಲ್ಲು ಬರುತ್ತಿದ್ದ ಕಾಲದಲ್ಲಿ, ಕಂಕುಳಿಗೆ ಎರಡು ಬೆರಳು ಕೊಟ್ಟು ಅಂಗಳದ ತುಂಬ ನಡೆಸುತ್ತಿದ್ದ. ತಾನೇ ನಡೆದೆನೆಂದು ಕೇಕೆ ಹಾಕುತ್ತಿದ್ದಳು. ಅವನೂ ಒಂದು ದಿನವೂ ನಿಜ ಹೇಳಿರಲಿಲ್ಲ.

“ಯಾರ್ಗೂ ಹೇಳ್ಬೇಡ ಕಣವ್ವ.”

“ಹೇಳಲ್ಲ. ಎರಡು ದಿನ ಮಲಗಿರು. ಇನ್ಮೇಲೆ ಭಾರ ಎತ್ಬೇಡ, ಆಯ್ತಾ?” ಅವಳು ಅವನ ಕೆನ್ನೆ ಮುಟ್ಟಿದಳು. ಕಾರು ಕುಂದಾಣದ ದಾರಿ ಹಿಡಿಯಿತು.

ಧೂಳು ಇಳಿಯುವ ಮುಂಚೆಯೇ ಹಿಂದಿನಿಂದ ಬಳೆಯ ಸದ್ದಾಯಿತು. ಆದಿಲಕ್ಷ್ಮಮ್ಮ ತಟ್ಟೆಯಲ್ಲಿ ಎಲೆ, ಅಡಿಕೆ, ತೆಂಗಿನಕಾಯಿ ಇಟ್ಟುಕೊಂಡು ನಿಂತಿದ್ದರು.

“ಬರೋ ತಿಂಗಳು ನನ್ ಮಗಳ ಮಗಳು ಆಶಾರಾಣಿ ಮದ್ವೆ ಕಣಪ್ಪ. ಅವ್ಳಿಗೂ ನೀನು ಮಾವನೇ ತಾನೆ. ನವೀನನ್ನ ಕೇಳೋಣ ಅಂತಿದ್ದೆ. ಇವತ್ತು ನಿನ್ನ ನೋಡಿದ್ಮೇಲೆ ಅವನ್ಯಾಕೆ ಅನ್ನಿಸ್ತು. ತಾಂಬೂಲ ಹಿಡಿ.”

ಅವರ ಹಿಂದೆ, ಛತ್ರದ ಬಾಗಿಲಿಗೆ ತಲೆ ಬಗ್ಗಿಸಿಕೊಂಡು ಆಶಾರಾಣಿ ಹೊರಗೆ ಬಂದಳು. ಜಿಲ್ಲೆಯ ಪರವಾಗಿ ಗುಂಡು ಎಸೆದು ಗೆದ್ದ ಹುಡುಗಿ. ನಾಚಿಕೊಂಡು ಕೈಯಲ್ಲಿದ್ದ ಒಬ್ಬಟ್ಟನ್ನು ಬೆನ್ನ ಹಿಂದೆ ಇಟ್ಟುಕೊಂಡು, “ಮಾವ, ಚಂದನಕ್ಕನ್ನ ತಂದಂಗೇ ನನ್ನೂ ತರ್ತೀರಾ? ನಂಗೆ ಭಯ ಇತ್ತು, ಯಾರೂ ಎತ್ತಲ್ಲ ಅಂತ,” ಎಂದಳು.

ಹುಡುಗಿಯ ಕಣ್ಣಲ್ಲಿ ಅಷ್ಟು ಆಸೆಯಿತ್ತು. ಚಲಪತಿ ಕೈ ಚಾಚಿದ.

“ಆಗ್ಲಿ ಕಣವ್ವ, ಅದಕ್ಕೇನು,” ಎಂದು ಅವನ ಬಾಯಿ ಹೇಳಿತು. ಸೊಂಟ ಏನು ಹೇಳಿತೆಂದು ಕೇಳಿಸಿಕೊಳ್ಳಬಲ್ಲವಳು ಆಗಲೇ ಗಂಡನ ಮನೆಯ ದಾರಿಯಲ್ಲಿದ್ದಳು.