ಅರಿಶಿನ ಶಾಸ್ತ್ರದ ಹೊತ್ತಿಗೆ ಎದೆ ಇಳಿಯಬೇಕಿತ್ತು

ಗಂಡಸಿನ ಎದೆ ಹೆಂಗಸಿನಂತೆ ಉಬ್ಬಿದರೆ ಡಾಕ್ಟರೊಬ್ಬರನ್ನು ಬಿಟ್ಟು ಉಳಿದವರೆಲ್ಲ ತಾವಾಗಿಯೇ ಔಷಧಿ ಹೇಳುತ್ತಾರೆ. ನನಗೆ ಹದಿನಾರನೇ ವಯಸ್ಸಿನಿಂದ ಹಾಗಿತ್ತು. ಬಿಎಸ್ಸಿ ಮುಗಿಸಿ ದೊಡ್ಡಬಳ್ಳಾಪುರದ ಔಷಧಿ ಕಂಪನಿಯೊಂದರ ಲ್ಯಾಬ್ ಸೇರಿದ ಮೇಲೂ ಸಡಿಲ ಅಂಗಿಯಲ್ಲೇ ಕಾಲ ತಳ್ಳುತ್ತಿದ್ದೆ. ಅಷ್ಟರಲ್ಲಿ ಮದುವೆ ಗೊತ್ತಾಯಿತು. ಅರಿಶಿನ ಶಾಸ್ತ್ರಕ್ಕೆ ಅಂಗಿ ಬಿಚ್ಚಿ, ನೆಂಟರೆಲ್ಲರ ಎದುರು ಹಸೆಮಣೆ ಮೇಲೆ ಕೂರಬೇಕು. ಉಳಿದಿದ್ದು ಆರು ತಿಂಗಳು.

೧

ನನ್ನ ಸೋದರಮಾವ ಎಂಥ ಸೆಕೆಯಲ್ಲೂ ಎದೆ ತುಂಬ ಟವಲ್ ಹೊದ್ದಿರುತ್ತಾರೆ. ಜಿಮ್ಮಿಗೆ ಹೋಗು ಅಂದವರು ಅವರೇ. ಮೂರು ತಿಂಗಳು ತಪ್ಪದೆ ಹೋದೆ, ವಾರಕ್ಕೊಮ್ಮೆ ಟೇಪು ಹಿಡಿದು ಅಳತೆ ಬರೆದಿಟ್ಟೆ. ಒಳಗೆ ಮಾಂಸಖಂಡ ಬೆಳೆದು, ಮೇಲಿದ್ದದ್ದು ಇನ್ನೂ ಮುಂದಕ್ಕೆ ಬಂತು. ಜಿಮ್ಮಿನ ಮಾಸ್ಟರು ಹೊಸ ಹುಡುಗರನ್ನೆಲ್ಲ ಕರೆದು ನನ್ನನ್ನು ತೋರಿಸಿದರು: "ಮೂರೇ ತಿಂಗಳು ಕಣ್ರೋ. ಚೆಸ್ಟ್ ಅಂದ್ರೆ ಇದು."

೨

ಅಜ್ಜಿ ನನಗೆ ಹಾಲು ನಿಲ್ಲಿಸಿದಳು. ಸೀಮೆಹಸುವಿನ ಹಾಲು ಕುಡಿದೇ ಹೀಗಾಯಿತು ಎಂಬುದು ಅವಳ ತೀರ್ಮಾನ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಹಾರ್ಮೋನಿನ ವಿಷಯ ಬಿಡಿಸಿ ಹೇಳಿದೆ. ಮಾರನೇ ದಿನ ಬೆಳಿಗ್ಗೆ ಹಾಲಿನ ಡೈರಿ ಮುಂದೆ ಕ್ಯಾನು ಹಿಡಿದು ನಿಂತವರಿಗೆಲ್ಲ ಅವಳು ಅದನ್ನು ತನಗೆ ತಿಳಿದಂತೆ ವಿವರಿಸಿದಳಂತೆ. ನಾಲ್ಕು ಜನ ನಾಲ್ಕು ಪಥ್ಯ ಹೇಳಿ ಕಳಿಸಿದರು. ಡೈರಿ ಸೆಕ್ರೆಟರಿ ಮಾತ್ರ ಗಂಭೀರವಾಗಿ ಕೇಳಿದರಂತೆ: "ಯಾವ ಹಸು?"

೩

ಕೊನೆಗೆ ಡಾಕ್ಟರ ಹತ್ತಿರ ಹೋದೆ. ಸ್ಕ್ಯಾನಿಂಗ್‌ಗೆ ಬರೆದುಕೊಟ್ಟರು. ಸ್ಕ್ಯಾನಿಂಗ್ ಸೆಂಟರಿನ ಬೆಂಚಿನ ತುಂಬ ಬಸುರಿಯರು. ಚೀಟಿ ನೋಡಿದ ಸಿಸ್ಟರ್, "ಮಿಸೆಸ್ ಎಲ್ಲಿ, ಕರೀರಿ" ಅಂದರು. ನನಗೇ ಅಂದೆ. ಪಕ್ಕದಲ್ಲಿದ್ದ ಮುದುಕಿಗೆ ಅದು ಕೇಳಿಸಿರಲಿಲ್ಲ.

"ಎಷ್ಟಾಯ್ತಪ್ಪಾ?"

"ಎಂಟು ವರ್ಷ."

ಮುದುಕಿ ಸೊಸೆಯನ್ನು ಎಬ್ಬಿಸಿಕೊಂಡು ಆಚೆ ಬೆಂಚಿಗೆ ಹೋದಳು.

೪

ಡಾಕ್ಟರು ಎರಡೇ ನಿಮಿಷದಲ್ಲಿ ವಿಷಯ ಮುಗಿಸಿದರು. ಇದು ಗ್ರಂಥಿ, ಬರೀ ಕೊಬ್ಬಲ್ಲ. ದಂಡ ಹೊಡೆದರೆ ಕರಗುವುದಿಲ್ಲ. ಹರೆಯದಲ್ಲಿ ಬಂದದ್ದು ಸಾಮಾನ್ಯವಾಗಿ ಒಂದೆರಡು ವರ್ಷದಲ್ಲಿ ತಾನೇ ಹೋಗುತ್ತದೆ, ನನ್ನದು ಉಳಿದುಕೊಂಡಿದೆ. ರಕ್ತಪರೀಕ್ಷೆ ಸರಿಯಿದೆ, ಅಪಾಯವಿಲ್ಲ. ಇರುವುದು ಬೇಡವೆಂದರೆ ಆಪರೇಷನ್. ಮಾಡಿಸಿಕೊಂಡೆ. ಆಮೇಲೆ ಆರು ವಾರ ಹಗಲೂ ರಾತ್ರಿ ಬಿಗಿ ಬನಿಯನ್ನು. ಗೊತ್ತಿದ್ದದ್ದು ಅಮ್ಮನಿಗೆ ಮಾತ್ರ. ಉಳಿದವರಿಗೆ ಬೆನ್ನುನೋವಿನ ಬೆಲ್ಟು ಎಂದೆವು.

ಅರಿಶಿನದ ದಿನ ಎಂಟು ವರ್ಷದಲ್ಲಿ ಮೊದಲ ಸಲ ಜನರೆದುರು ಅಂಗಿ ಬಿಚ್ಚಿದೆ. ಯಾರೂ ನೋಡಲಿಲ್ಲ. ನನಗೆ ಬೇಕಾಗಿದ್ದದ್ದೂ ಅಷ್ಟೇ. ಅಷ್ಟರಲ್ಲಿ ಅಜ್ಜಿ ಅರಿಶಿನ ಹಚ್ಚಲು ಬಂದಳು. ಎದೆಯ ಮೇಲೆ ಕೈ ಆಡಿಸಿ ನಿಂತಳು, ಮತ್ತೊಮ್ಮೆ ಆಡಿಸಿದಳು. ಆಮೇಲೆ ಚಪ್ಪರಕ್ಕೆಲ್ಲ ಕೇಳುವಂತೆ ಹೇಳಿದಳು: "ಬನ್ರವ್ವಾ, ನೋಡ್ರಿ. ಹಾಲು ಬಿಡ್ಸಿದ್ದಕ್ಕೆ ಹೆಂಗೆ ಇಳ್ದೈತೆ."

ಹೆಂಗಸರು ಬಂದು ನೋಡಿದರು. ಹೆಣ್ಣಿನ ಕಡೆಯವರೂ ನೋಡಿದರು. ವಿಡಿಯೋದವನು ಲೈಟು ಹತ್ತಿರ ತಂದ.

ಆಪರೇಷನ್ ಎನ್ನಲು ಬಾಯಿ ತೆರೆದೆ. ಅಮ್ಮ ಕಣ್ಣು ಬಿಟ್ಟಳು. ಮುಚ್ಚಿಕೊಂಡೆ.

ಊಟದ ಹೊತ್ತಿಗೆ ಸೋದರಮಾವ ಪಕ್ಕಕ್ಕೆ ಬಂದು ಕೂತರು. ಟವಲನ್ನು ಇನ್ನೊಂದು ಸುತ್ತು ಎಳೆದುಕೊಂಡು, ಆ ಕಡೆ ಈ ಕಡೆ ನೋಡಿ, ಕಿವಿಯಲ್ಲಿ ಕೇಳಿದರು:

"ಮೊಸರು ತಿನ್ಬೋದೇನ್ಲಾ?"