ಮೂರು ರೆಕಾರ್ಡುಗಳನ್ನು ಹನ್ನೊಂದು ವರ್ಷ ದುರಸ್ತಿಯಲ್ಲಿಟ್ಟ ಬಗ್ಗೆ

ಇಂದ:
ಧ್ವನಿ ವಿಭಾಗದ ಗುಮಾಸ್ತ
(ರೆಕಾರ್ಡ್ ಪ್ಲೇಯರಿನ ಮುಳ್ಳು ಬದಲಿಸಲು ಇವನೊಬ್ಬನಿಗೇ ಬರುವ ಕಾರಣ ಸಹೋದ್ಯೋಗಿಗಳ ಬಾಯಲ್ಲಿ ‘ಮುಳ್ಳಣ್ಣ’),
ಸಾರ್ವಜನಿಕ ಗ್ರಂಥಾಲಯ, ನೆಲಮಾಳಿಗೆ.

ಗೆ:
ಮುಖ್ಯ ಗ್ರಂಥಪಾಲಕರು ಹಾಗೂ ಅನುಪಯುಕ್ತ ವಸ್ತುಗಳ ವಿಲೇವಾರಿ ಸಮಿತಿಯ ಅಧ್ಯಕ್ಷರು,
ಅದೇ ಗ್ರಂಥಾಲಯ, ಮೂರನೇ ಮಹಡಿ.

ವಿಷಯ: ರಾಕ್ ಗಿಟಾರ್ ವಾದಕರೊಬ್ಬರ ಮೊದಲ ಮೂರು ಸ್ವಂತ ರೆಕಾರ್ಡುಗಳನ್ನು ಗುಜರಿ ಪಟ್ಟಿಯಿಂದ ತೆಗೆಯುವ ಹಾಗೂ ಅರ್ಜಿದಾರನಿಗೆ ಶಿಕ್ಷೆ ದಯಪಾಲಿಸುವ ಬಗ್ಗೆ.

ಉಲ್ಲೇಖ:
ಅ) ಹತ್ತು ವರ್ಷಗಳಲ್ಲಿ ಒಮ್ಮೆಯೂ ಎರವಲು ಹೋಗದ ವಸ್ತುಗಳನ್ನು ಈ ತಿಂಗಳ ಕೊನೆಯ ಶುಕ್ರವಾರ ಗುಜರಿಗೆ ಹಾಕುವ ಕುರಿತು ಸಮಿತಿಯ ಸುತ್ತೋಲೆ.
ಆ) ಸದರಿ ವಾದಕರು ಕಳೆದ ಮಂಗಳವಾರ ಕೌಂಟರಿನಲ್ಲಿ ತುಂಬಿಕೊಟ್ಟ ಕೋರಿಕೆ ಚೀಟಿ.
ಇ) ಅರ್ಜಿದಾರನ ಹೆಂಡತಿಯ ಮೌಖಿಕ ಆದೇಶ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ಸದರಿ ವಾದಕರು ಯಾರು ಎಂದು ತಾವು ಕೇಳುತ್ತೀರಿ. ಕೇಳುತ್ತೀರಿ ಎಂಬುದೇ ಈ ಅರ್ಜಿಗೆ ಅರ್ಧ ಕಾರಣ. ಕ್ಷೌರದಂಗಡಿಯಿಂದ ಲಿಫ್ಟಿನವರೆಗೆ ಎಲ್ಲ ಕಡೆ ಕೇಳಿಬರುವ ಆ ಪ್ರಸಿದ್ಧ ತಂಡದ ಹಾಡುಗಾರ ತಮಗೆ ಗೊತ್ತು. ಅವನ ಪೋಸ್ಟರಿನ ಎಡ ಅಂಚಿನಲ್ಲಿ ಅರ್ಧ ಭುಜವೊಂದು ಕಾಣುತ್ತದೆ. ಆ ಭುಜದವರೇ ಇವರು. ಕಳೆದ ವಾರ್ಷಿಕ ಸಭೆಯಲ್ಲಿ ಲೆಕ್ಕಪತ್ರ ಓದುವಾಗ ತಾವು ಮೇಜಿನ ಮೇಲೆ ಬೆರಳು ಬಡಿಯುತ್ತಾ ಗುನುಗಿದ್ದು ಹಾಡುಗಾರನ ಸಾಲಲ್ಲ, ಇವರ ಗಿಟಾರಿನ ಸಾಲು. ಮೂಗಿಗಿಂತ ಮೂಗುತಿ ಭಾರವಾದ ಆ ತಂಡವನ್ನು ಬಿಟ್ಟ ಮೇಲೆ ಅವರು ನಾಲ್ಕು ವರ್ಷಗಳಲ್ಲಿ ಮೂರು ರೆಕಾರ್ಡು ಮಾಡಿದರು. ನಾಲ್ಕನೆಯದರಿಂದ ಕಂಪನಿಯವರು ಕೀಬೋರ್ಡ್ ಸೇರಿಸಿದರು. ಆ ಬಗ್ಗೆ ಅರ್ಜಿದಾರನು ಏನೂ ಹೇಳುವುದಿಲ್ಲ. ಅವು ಹೊರಗಿನ ಕಪಾಟಿನಲ್ಲಿವೆ, ಎರವಲೂ ಹೋಗುತ್ತವೆ, ಹೋಗಲಿ.

2. ಗುಜರಿ ಪಟ್ಟಿಯಲ್ಲಿ ಈ ಮೂರನ್ನು ‘ಕಪ್ಪು ತಟ್ಟೆಗಳು, 3’ ಎಂದಷ್ಟೇ ನಮೂದಿಸಿರುವ ಕಾರಣ, ಅರ್ಜಿದಾರನು ವಿವರಗಳನ್ನು ಕೆಳಗೆ ಒದಗಿಸಿರುತ್ತಾನೆ.

ಹಸಿರು ಕವರಿನ ಮೊದಲನೆಯದರಲ್ಲಿ ಅವರಿಗೆ ಇನ್ನೂ ಹಾಡುಗಾರನ ಭಯ ಹೋಗಿಲ್ಲ. ಒಂದು ಸಾಲು ನುಡಿಸಿ, ಈಗ ಅವನು ಬಂದು ಹಾಡುತ್ತಾನೆ ಎಂಬಂತೆ ಜಾಗ ಬಿಡುತ್ತಾರೆ. ಯಾರೂ ಬರುವುದಿಲ್ಲ. ಮತ್ತೊಂದು ಸಾಲು, ಮತ್ತೆ ಜಾಗ. ನಾಲ್ಕನೇ ಹಾಡಿನ ಹೊತ್ತಿಗೆ ಆ ಜಾಗ ಖಾಲಿಯಿದ್ದರೇ ಚೆನ್ನ ಎಂದು ಅವರಿಗೂ ಗೊತ್ತಾಗಿರುತ್ತದೆ, ನಮಗೂ ಗೊತ್ತಾಗಿರುತ್ತದೆ.

ಏಣಿಯ ಚಿತ್ರವಿರುವ ಎರಡನೆಯದರಲ್ಲಿ, ಹಿಂಬದಿಯ ಮೊದಲ ಹಾಡಿನ ನಡುವೆ ಒಂದು ತಂತಿಯ ಶ್ರುತಿ ಇಳಿಯುತ್ತದೆ. ಬೇರೆಯವರಾಗಿದ್ದರೆ ನಿಲ್ಲಿಸಿ ಮೊದಲಿಂದ ನುಡಿಸುತ್ತಿದ್ದರು. ಇವರು ಪ್ರತಿ ಸಲವೂ ಆ ತಂತಿಯನ್ನು ಬೆರಳಿನಲ್ಲಿ ಎಳೆದು ಸರಿಯಾದ ಸ್ವರಕ್ಕೆ ಏರಿಸುತ್ತಾರೆ, ಕೊನೆಗೆ ಆ ಎಳೆತವೇ ಹಾಡಾಗುತ್ತದೆ. ಇದನ್ನು ಕಂಡುಹಿಡಿಯಲು ಅರ್ಜಿದಾರನಿಗೆ ನಾಲ್ಕು ವರ್ಷ ಬೇಕಾಯಿತು.

ಚಿತ್ರವೇ ಇಲ್ಲದ ಬಿಳಿ ಕವರಿನ ಮೂರನೆಯದರ ಕೊನೆಯಲ್ಲಿ, ಹಾಡು ಮುಗಿಯಿತೆಂದುಕೊಂಡು ಡ್ರಮ್ ಬಾರಿಸುವವನು ನಿಲ್ಲಿಸಿಬಿಡುತ್ತಾನೆ. ಅವನ ಕುರ್ಚಿ ಸರಿದ ಸದ್ದೂ ಕೇಳುತ್ತದೆ. ಗಿಟಾರ್ ಮಾತ್ರ ಒಂಟಿಯಾಗಿ, ಅಬ್ಬರವಿಲ್ಲದೆ, ಇನ್ನೂ ಒಂದು ನಿಮಿಷ ಹತ್ತು ಸೆಕೆಂಡು ಮುಂದುವರಿಯುತ್ತದೆ. ತಂದೆ ತೀರಿಕೊಂಡ ವಾರ ಅರ್ಜಿದಾರನು ರಜೆ ಹಾಕದೆ ಕೆಲಸಕ್ಕೆ ಬಂದದ್ದನ್ನು ಮೆಚ್ಚಿ ತಾವು ಕರ್ತವ್ಯನಿಷ್ಠೆಯ ಪ್ರಶಂಸಾಪತ್ರ ಕೊಟ್ಟಿದ್ದೀರಿ. ಅದು ಕರ್ತವ್ಯನಿಷ್ಠೆ ಆಗಿರಲಿಲ್ಲ. ಆ ಒಂದು ನಿಮಿಷ ಹತ್ತು ಸೆಕೆಂಡು ಅವನ ಮನೆಯಲ್ಲಿ ಇರಲಿಲ್ಲ, ಇಲ್ಲಿತ್ತು. ಆದ್ದರಿಂದ ಸದರಿ ಪ್ರಶಂಸಾಪತ್ರವನ್ನು ಇದರೊಂದಿಗೆ ಹಿಂದಿರುಗಿಸಿದೆ.

3. ಇಷ್ಟು ಒಳ್ಳೆಯ ರೆಕಾರ್ಡುಗಳು ಒಮ್ಮೆಯೂ ಎರವಲು ಹೋಗಲಿಲ್ಲವೇಕೆ ಎಂಬ ಪ್ರಶ್ನೆ ಸಹಜ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಮೊದಲೇ ಅರ್ಜಿದಾರನು ಒಪ್ಪಿಕೊಳ್ಳುತ್ತಿದ್ದಾನೆ. ಹನ್ನೊಂದು ವರ್ಷದ ಹಿಂದೆ ಇವು ದಾನವಾಗಿ ಬಂದವು, ತಂಡದ ಹಳೆಯ ರೆಕಾರ್ಡುಗಳ ಜೊತೆಯಲ್ಲೇ. ತಂಡದವು ಕಪಾಟಿಗೆ ಹೋದವು. ಒಂದೇ ತಿಂಗಳಲ್ಲಿ ಅವುಗಳಲ್ಲೊಂದು, ಯಾರೋ ಅದರ ಮೇಲೆ ಬಿಸಿ ಲೋಟ ಇಟ್ಟ ಗುರುತಿನೊಂದಿಗೆ ಹಿಂದಿರುಗಿತು. ಈ ಮೂರನ್ನು ಅರ್ಜಿದಾರನು ‘ದುರಸ್ತಿಗೆ’ ಎಂಬ ಚೀಟಿಯಿರುವ ಬೀರುವಿನಲ್ಲಿಟ್ಟು ಬೀಗ ಹಾಕಿದನು. ಇವತ್ತಿಗೂ ಅವಕ್ಕೆ ಯಾವ ದುರಸ್ತಿಯೂ ಬೇಕಾಗಿಲ್ಲ.

ಅಂದಿನಿಂದ ಊಟದ ವಿರಾಮದಲ್ಲಿ ಬಾಗಿಲು ಮುಂದೆ ಮಾಡಿಕೊಂಡು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಅರ್ಜಿದಾರನು ದಿನಕ್ಕೊಂದು ಬದಿಯಂತೆ ಕೇಳುತ್ತಾ ಬಂದಿದ್ದಾನೆ. ನಿಯಮದ ಪ್ರಕಾರ ಹೊರಗೆ ಒಯ್ದರೆ ಮಾತ್ರ ಹಿಂಬದಿಯ ಚೀಟಿಗೆ ತಾರೀಖಿನ ಮುದ್ರೆ ಬೀಳುತ್ತದೆ. ಒಳಗೇ ಕೂತು ಕೇಳಿದ್ದಕ್ಕೆ ದಾಖಲೆಯಿಲ್ಲ. ಸಿಬ್ಬಂದಿಗೆ ಎರವಲು ಕೊಡುವಂತೆಯೂ ಇಲ್ಲ. ಈ ಕಾರಣದಿಂದ, ಹನ್ನೊಂದು ವರ್ಷ ಪ್ರತಿದಿನ ಕೇಳಿದ ರೆಕಾರ್ಡುಗಳು ತಮ್ಮ ಕಡತದಲ್ಲಿ ಯಾರೂ ಕೇಳದವು ಎಂದಾಗಿವೆ.

4. ಇನ್ನೂ ನಾಚಿಕೆಯ ಸಂಗತಿ ಉಂಟು. ಈ ಅವಧಿಯಲ್ಲಿ ಏಳು ಜನ ಈ ರೆಕಾರ್ಡುಗಳನ್ನು ಕೇಳಿಕೊಂಡು ಬಂದಿದ್ದರು. ಏಳೂ ಜನರಿಗೆ ಅರ್ಜಿದಾರನು ದುರಸ್ತಿಯಲ್ಲಿದೆ ಎಂದು ಹೇಳಿ ಕಳಿಸಿದನು. ಒಬ್ಬರ ಕೈ ಒದ್ದೆಯಿತ್ತು. ಇನ್ನೊಬ್ಬರು ಕೌಂಟರಿನಲ್ಲೇ ಶಿಳ್ಳೆ ಹಾಕಿ ತೋರಿಸಿದರು, ಸ್ವರ ತಪ್ಪಿತ್ತು. ಬಸ್ ಚಾಲಕರೊಬ್ಬರು ಪಾಳಿ ಮುಗಿಸಿ ಸಮವಸ್ತ್ರದಲ್ಲೇ ಮೂರು ಸಲ ಬಂದರು. ಅವರನ್ನು ತಿರಸ್ಕರಿಸಲು ಯಾವ ಕಾರಣವೂ ಸಿಗಲಿಲ್ಲ, ಆದರೂ ಕೊಡಲಿಲ್ಲ. ಈ ಮಹಾನುಭಾವರನ್ನು ಲೋಕ ಗುರುತಿಸಲಿಲ್ಲವಲ್ಲ ಎಂದು ಅರ್ಜಿದಾರನು ಮನೆಯಲ್ಲಿ ಹನ್ನೊಂದು ವರ್ಷ ಕೊರಗಿದ್ದಾನೆ. ಸದರಿ ಲೋಕವು ಖುದ್ದಾಗಿ ನೆಲಮಾಳಿಗೆಗೆ ಇಳಿದು ಬಂದಾಗಲೆಲ್ಲ ಅದನ್ನು ಬರಿಗೈಲಿ ವಾಪಸ್ ಕಳಿಸಿದವನೂ ಅವನೇ.

5. ಕಳೆದ ಮಂಗಳವಾರ ಬೆಳಿಗ್ಗೆ ವಯಸ್ಸಾದವರೊಬ್ಬರು ಬಟ್ಟೆಯ ಚೀಲ ಹಿಡಿದು ಬಂದು ಬಿಳಿ ಕವರಿನ ರೆಕಾರ್ಡನ್ನು ಕೇಳಿದರು. ಅರ್ಜಿದಾರನು ತಲೆಯೆತ್ತದೆ, ದುರಸ್ತಿಯಲ್ಲಿದೆ ಎಂದನು. ಎಷ್ಟು ದಿನದಿಂದ ಎಂದು ಅವರು ಕೇಳಿದರು. ಹನ್ನೊಂದು ವರ್ಷದಿಂದ ಎಂದನು. ಅವರು, ಅಷ್ಟೊಂದು ಕೆಟ್ಟುಹೋಗಿದೆಯೇ ಎಂದು ವಿಚಾರಿಸಿದರು. ಅರ್ಜಿದಾರನು ಅಭ್ಯಾಸಬಲದಿಂದ ಕೋರಿಕೆ ಚೀಟಿಯನ್ನು ಮುಂದೆ ತಳ್ಳಿದನು. ಅವರು ಹೆಸರು, ವಿಳಾಸ ಬರೆದು ಕೊಟ್ಟರು. ಹನ್ನೊಂದು ವರ್ಷದಿಂದ ರೆಕಾರ್ಡಿನ ಬೆನ್ನ ಮೇಲೆ ಅರ್ಜಿದಾರನು ದಿನಾ ಓದುತ್ತಿದ್ದ ಹೆಸರೇ ಆ ಚೀಟಿಯಲ್ಲಿತ್ತು.

ಅವನು ಓಡಿ ಹೋಗಿ ಮೂರನ್ನೂ ತಂದು ಕೌಂಟರಿನ ಮೇಲಿಟ್ಟನು. ಅವರು ಕವರಿನ ಮುಂಬದಿ ನೋಡಲೇ ಇಲ್ಲ. ನೇರವಾಗಿ ತಿರುಗಿಸಿ ಹಿಂದಿನ ತಾರೀಖಿನ ಚೀಟಿ ನೋಡಿದರು. ಒಂದಾದ ಮೇಲೊಂದು, ಮೂರೂ ಖಾಲಿ.

“ಹೊಸದರ ಹಾಗೇ ಇಟ್ಕೊಂಡಿದೀರಿ,” ಎಂದರು. “ನಾನು ತಗೊಂಡು ಹೋಗೋಕೆ ಬಂದಿದ್ದಲ್ಲ. ಯಾರಾದ್ರೂ ತಗೊಂಡು ಹೋಗಿದ್ರಾ ಅಂತ ನೋಡೋಕೆ ಬಂದೆ.”

ಅರ್ಜಿದಾರನು ಹೇಳಬೇಕಾದ ಮಾತು ಬೆಟ್ಟದಷ್ಟಿತ್ತು. ಇಪ್ಪತ್ತಾರು ವರ್ಷ ಸರ್ವೀಸಾದ ಬಾಯಿಂದ ಬಂದದ್ದು ಮಾತ್ರ, ಇಲ್ಲೊಂದು ಸಹಿ ಹಾಕಿ, ಎಂಬ ಮಾತು. ಅವರು ಸಹಿ ಹಾಕಿ ಹೋದರು.

6. ನಡೆದದ್ದನ್ನು ಕೇಳಿದ ಹೆಂಡತಿ ಅನ್ನಕ್ಕಿಂತ ಮುಂಚೆ ಮಾತು ಬಡಿಸಿದಳು. ಮಾಡಿದ್ದು ನೀವು, ಅನುಭವಿಸಿದ್ದು ಅವರು, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು ಎಂದಳು. ಮರುದಿನ ಅರ್ಜಿದಾರನು ಚೀಟಿಯಲ್ಲಿದ್ದ ವಿಳಾಸ ಹುಡುಕಿಕೊಂಡು ಹೋದನು. ಎರಡನೇ ಮಹಡಿ, ಅವರೇ ಬಾಗಿಲು ತೆಗೆದರು. ಅಲ್ಲಿ ನಿಂತಾಗ ಅವನಿಗೆ ಇಳಿದ ತಂತಿ ನೆನಪಾಗಲಿಲ್ಲ, ಸರಿದ ಕುರ್ಚಿಯೂ ನೆನಪಾಗಲಿಲ್ಲ. ನಾನು ದಿನಾ ಕೇಳ್ತೀನಿ ಸರ್, ತುಂಬಾ ಚೆನ್ನಾಗಿದೆ, ಎಂದಷ್ಟೇ ಹೇಳಿದನು. ಜನ ಚಹಾಕ್ಕೂ ಅದನ್ನೇ ಹೇಳುತ್ತಾರೆ.

ಅವರು ಸಿಟ್ಟಾಗಲಿಲ್ಲ. ಒಳಗೆ ಕರೆದು ಕೂರಿಸಿ ನೀರು ಕೊಟ್ಟರು.

“ಒಳ್ಳೇ ಮನಸ್ಸಪ್ಪ ನಿಮ್ಮದು,” ಎಂದರು. “ಬೇಜಾರಾಗಬಾರ್ದು ಅಂತ ನಾನೂ ಎಷ್ಟೋ ಜನಕ್ಕೆ ಹೀಗೇ ಹೇಳಿದೀನಿ. ಆದ್ರೆ ನಿಮ್ಮ ಆಫೀಸಿನ ಚೀಟಿ ನಾನೇ ಕಣ್ಣಾರೆ ನೋಡಿದ್ನಲ್ಲ.”

ಗಿಟಾರ್ ಎಲ್ಲಿದೆ ಎಂದು ಅರ್ಜಿದಾರನು ಕೇಳಿದ್ದಕ್ಕೆ, ಕೊಟ್ಟುಬಿಡೋಣ ಅಂತಿದೀನಿ, ಕೇಳೋರಿಲ್ಲದ ಮೇಲೆ ಜಾಗ ಯಾಕೆ ದಂಡ, ಎಂದರು. ಮೆಟ್ಟಿಲಿಳಿಯುವಾಗ ಅರ್ಜಿದಾರನು ಅತ್ತನು. ಇದನ್ನು ದಾಖಲಿಸುವ ಅಗತ್ಯವಿಲ್ಲ, ಆದರೂ ದಾಖಲಿಸಿದೆ.

ಆ ಸಂಜೆ ಹೆಂಡತಿ ಹೊರಡಿಸಿದ ಮೌಖಿಕ ಆದೇಶ ಹೀಗಿದೆ: “ಆಫೀಸಿನ ಕಾಗದ ನೋಡಿ ನೊಂದೋರಿಗೆ ಆಫೀಸಿನ ಕಾಗದವನ್ನೇ ತೋರಿಸ್ಬೇಕು. ಕೂತ್ಕೊಂಡು ಬರೀರಿ.”

7. ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದಾಗಿ, ಅರ್ಜಿದಾರನು ಕೋರುವುದೇನೆಂದರೆ:

ಮೂರೂ ರೆಕಾರ್ಡುಗಳನ್ನು ಶುಕ್ರವಾರಕ್ಕೆ ಮುಂಚೆ ಗುಜರಿ ಪಟ್ಟಿಯಿಂದ ತೆಗೆದು, ಕೈ ಒದ್ದೆ ಇರುವವರಿಗೂ ಶಿಳ್ಳೆ ತಪ್ಪುವವರಿಗೂ ಸಿಗುವಂತೆ ಹೊರಗಿನ ಕಪಾಟಿನಲ್ಲಿಡತಕ್ಕದ್ದು. ಬಸ್ ಚಾಲಕರಿಗೆ ಮೊದಲು ತಿಳಿಸತಕ್ಕದ್ದು.

ಸಾರ್ವಜನಿಕ ಸ್ವತ್ತನ್ನು ಹನ್ನೊಂದು ವರ್ಷ ಅಕ್ರಮವಾಗಿ ಬಚ್ಚಿಟ್ಟು, ಎರಡೂವರೆ ಸಾವಿರಕ್ಕೂ ಹೆಚ್ಚು ಬಾರಿ ಒಬ್ಬನೇ ಕೇಳಿ ಅನುಭವಿಸಿದ ಅಪರಾಧಕ್ಕಾಗಿ ಅರ್ಜಿದಾರನಿಗೆ ಲಿಖಿತ ಮೆಮೊ ನೀಡತಕ್ಕದ್ದು. ಯಾವ ಹಾಡಿನಲ್ಲಿ ಏನೇನು ಕೇಳಿದನೆಂಬುದನ್ನು ಆಪಾದನೆಯ ಭಾಗವಾಗಿ ಪೂರ್ತಿ ಬರೆಯತಕ್ಕದ್ದು. ಮೆಮೊದ ಒಂದು ಪ್ರತಿಯನ್ನು, ಕಚೇರಿಯ ಮೊಹರಿನೊಂದಿಗೆ, ‘ಮಾಹಿತಿಗಾಗಿ’ ಎಂದು ನಮೂದಿಸಿ, ಕೋರಿಕೆ ಚೀಟಿಯಲ್ಲಿರುವ ವಿಳಾಸಕ್ಕೆ ನೋಂದಾಯಿತ ಅಂಚೆಯಲ್ಲಿ ಕಳಿಸತಕ್ಕದ್ದು.

ತಮ್ಮ ವಿಶ್ವಾಸಕ್ಕೆ ಇನ್ನು ಅರ್ಹನಲ್ಲದ,
ಅರ್ಜಿದಾರ
(ಸಹಿ)

ಲಗತ್ತುಗಳು:
ಮುದ್ರೆಯೇ ಬೀಳದ ತಾರೀಖಿನ ಚೀಟಿಗಳು, ಮೂರು.
ಸವೆದ ಮುಳ್ಳುಗಳು, ಒಂದು ಬೆಂಕಿಪೊಟ್ಟಣದ ತುಂಬ.
ಪ್ರಶಂಸಾಪತ್ರ, ಒಂದು.
ಬೀರುವಿನ ಬೀಗದ ಕೈ, ಒಂದು. ನಕಲು ಇಲ್ಲ.

ವಿಶೇಷ ಸೂಚನೆ: ಮೆಮೊದಲ್ಲಿ ಅರ್ಜಿದಾರನ ಸೇವೆಯ ಬಗ್ಗೆಯಾಗಲಿ, ಸದರಿ ವಾದಕರ ಬಗ್ಗೆಯಾಗಲಿ ಒಂದೂ ಒಳ್ಳೆಯ ಮಾತು ಸೇರದಂತೆ ನೋಡಿಕೊಳ್ಳಬೇಕಾಗಿ ವಿನಂತಿ. ಕನಿಕರದಿಂದ ಯಾರೂ ಯಾರಿಗೂ ಮೆಮೊ ಕೊಡುವುದಿಲ್ಲ ಎಂಬುದು ಅವರಿಗೂ ಗೊತ್ತಿರುವ ಕಾರಣ, ಇದೊಂದನ್ನಾದರೂ ಅವರು ನಂಬುತ್ತಾರೆ.