ಕಾಮಣ್ಣನ ರೇಡಿಯಂ ಗಡಿಯಾರ

ಬೀಳಗಿಯ ಕಾಮಣ್ಣನಿಗೆ ಮೊನ್ನೆ ನಿಶ್ಚಿತಾರ್ಥದಲ್ಲಿ ಮಾವನಾಗಲಿದ್ದ ಯಮನಪ್ಪ ಕೈಗಡಿಯಾರ ಕಟ್ಟಿದ್ದ. ಬಾಗಲಕೋಟೆಯ ಅಂಗಡಿಯದು. ಕತ್ತಲಲ್ಲಿ ಅಂಕಿಗಳು ಹಸಿರಾಗಿ ಹೊಳೆಯುತ್ತಿದ್ದವು. ಹಾಡಹಗಲೇ ಅದನ್ನು ಓಣಿಗೆಲ್ಲ ತೋರಿಸುವ ಹುಕಿ ಬಂದು, ಕಾಮಣ್ಣ ಕಟ್ಟೆಯ ಮೇಲೆ ಕಂಬಳಿ ಹೊದ್ದು ಕೂತ. ಒಬ್ಬೊಬ್ಬರೇ ಒಳಗೆ ತಲೆ ತೂರಿಸಿ, ಬೆವರು ಒರೆಸುತ್ತ ಹೊರಬಂದು, "ಅಬಾಬಾ! ಮಿಂಚುಹುಳ ಹಿಡದು ಕಟ್ಟ್ಯಾರ ನೋಡು" ಎನ್ನುತ್ತಿದ್ದರು.

ಸಾಲಿ ಮಾಸ್ತರ ಗಂಗಾರಾಮನೂ ತಲೆ ತೂರಿಸಿದ. ಹೊರಬಂದಾಗ ಅವನ ಮುಖ ಸುಣ್ಣ ಬಳಿದ ಗೋಡೆಯಂತಾಗಿತ್ತು.

"ಕಾಮಣ್ಣಾ, ಇದು ರೇಡಿಯಂ!"

"ಛಲೋದ ಏನ್ರಿ ಮಾಸ್ತರ?"

"ಪರದೇಶದಾಗ ಒಬ್ಬಾಕಿ ಹೆಣ್ಣಮಗಳು ಗಂಡನ ಜೋಡಿ ಗಾಡಿಗಟ್ಟಲೆ ಕರೀ ಕಲ್ಲು ಕುದಿಸಿ, ಸೋಸಿ, ಚಿಟಿಕಿಯಷ್ಟು ತಗದ ಲೋಹ ಇದು. ಬಂಗಾರಕ್ಕಿಂತ ತುಟ್ಟಿ. ಎಣ್ಣಿ ಬ್ಯಾಡ, ಬೆಂಕಿ ಬ್ಯಾಡ, ಸಾವಿರ ವರ್ಷ ಆದ್ರೂ ತೀರೂದಿಲ್ಲ."

ಕಾಮಣ್ಣನ ಎದೆ ಉಬ್ಬಿತು.

"ಮುಂಬೈ ಡಾಕ್ಟರು ಇದನ್ನಿಟ್ಟು ಮೈಯಾಗಿನ ಕೆಟ್ಟ ಗಂಟು ಸುಡತಾರ."

"ಗಂಟು ಇರದಿದ್ರ?"

"ಇದ್ದದ್ದನ್ನ ಸುಡತೈತಿ. ತೊಗಲು, ಮಾಂಸ, ಎಲುವು."

ಕಾಮಣ್ಣನ ಎದೆ ಧಸಕ್ಕೆಂದಿತು. ಮಣಿಕಟ್ಟು ತುರಿಸತೊಡಗಿತು. ಬಿಸಿಲಲ್ಲಿ ಕಂಬಳಿ ಹೊದ್ದವನಿಗೆ ಮೈಯೆಲ್ಲ ತುರಿಸುತ್ತಿತ್ತು. ಅವನಿಗೆ ಗೊತ್ತಾದದ್ದು ಮಣಿಕಟ್ಟು ಮಾತ್ರ.

"ಅಯ್ಯ ನನ್ನ ಕಣ್ಣ! ನಾ ಎರಡು ಸಲ ನೋಡೀನಲ್ಲೋ ಹಾಳಾದವನ!" ಎಂದು ಎದುರುಮನೆಯ ತಂಗೆವ್ವ ಬಾಯಿ ಬಡಿದುಕೊಂಡಳು. ಯಾರೋ ಅವನ ತೋಳಿಗೆ ಬೇವು ಅರೆದು ಮೆತ್ತಿದರು, ಯಾರೋ ಮೇಲೆ ಮಜ್ಜಿಗೆ ಸುರಿದರು. ಕಾಮಣ್ಣ ಬಿಚ್ಚಿ ಒಗೆದ ಗಡಿಯಾರವನ್ನು ತಂಗೆವ್ವ ಒಲೆಯ ಇಕ್ಕಳದಿಂದ ಹಾವು ಹಿಡಿದಂತೆ ಹಿಡಿದು ಹಾಳುಬಾವಿಗೆ ನಡೆದಳು. ಓಣಿ ದೂರದಿಂದಲೇ ಹಿಂಬಾಲಿಸಿತು.

'ಗುಳುಂ' ಎಂದ ಮೇಲೆ ಕಾಮಣ್ಣನಿಗೆ ಮಾವನ ನೆನಪಾಯಿತು. ಕೊಟ್ಟ ಉಡುಗೊರೆ ಬಾವಿಗೆ ಬಿದ್ದರೆ ಹೆಣ್ಣು ಕೊಡುವವರು ಯಾರು?

ಮನೆಗೆ ಬಂದರೆ ಯಮನಪ್ಪನೇ ಕಟ್ಟೆಯ ಮೇಲೆ ಕೂತಿದ್ದ!

"ವಾಚ್ ಎಲ್ಲೈತ್ರಿ ಅಳ್ಯಾರ?"

ಕಾಮಣ್ಣ ದಬಕ್ಕನೆ ಕಾಲಿಗೆ ಬಿದ್ದ. "ಬಾವ್ಯಾಗ ಒಗದೇವ್ರಿ ಮಾಂವಾರ, ತಪ್ಪಾತು!"

ಯಮನಪ್ಪ ಕಣ್ಣು ಪಿಳುಕಿಸಿದ. ಆಮೇಲೆ ಅವನನ್ನು ಎಬ್ಬಿಸಿ ತಬ್ಬಿಕೊಂಡ. "ನಿಮಗೂ ಗೊತ್ತಾತೇನ್ರಿ? ಅದು ಖೊಟ್ಟಿ ಮಾಲು! ರೇಡಿಯಂ ಅಲ್ಲ, ಬಿಸಲು ಕುಡದು ಹೊಳಿಯೂ ಬರೇ ಬಣ್ಣ. ಮರ್ಯಾದಿ ಹೋತಲ್ಲ ಅಂತ ಅಂಗಡಿಯವನ ಕೊಳ್ಳಪಟ್ಟಿ ಹಿಡದು ಖರೇ ರೇಡಿಯಂದು ತಂದೇನಿ. ಕೈ ತರ್ರಿ!"

"ಹಳೇದ ಛಲೋ ಇತ್ತರಿ ಮಾಂವಾರ..."

"ಸಂಕೋಚ ಬ್ಯಾಡ್ರಿ" ಎನ್ನುತ್ತ ಯಮನಪ್ಪ ಪಟ್ಟಿ ಬಿಗಿದ. "ಲಗ್ನ ಆಗೂತನಕ ಬಿಚ್ಚಂಗಿಲ್ಲ. ನಮ್ಮ ಮನಿತನದ ಮಾತದು."

"ಲಗ್ನ ನಾಳೇನ ಇಡ್ರಿ ಮಾಂವಾರ!"

ಯಮನಪ್ಪ ಹೊಟ್ಟೆ ಹಿಡಿದು ನಕ್ಕ. "ಅವಸರಾ ನೋಡ್ರಿ ನಮ್ಮ ಅಳ್ಯಾಂದು! ಮುಂದಿನ ವರ್ಷ ಇಟ್ಟೇವಲ್ರಿ."